ಮುಕ್ತತಂತ್ರಾಂಶಗಳ ಪಾಲನೆಯೂ ಸಂಸ್ಥೆಗಳ ಧನಸಹಾಯವೂ

ಕರ್ಣಾಟಕದ ಶಾಸನಗಳಲ್ಲಿ ದೇವಾಲಯಗಳಿಗೂ ಮಠಗಳಿಗೂ ಬಿಟ್ಟ ದತ್ತಿಗಳ ವಿನಿಯೋಗವನ್ನು ಹೇಳುವ ಕಡೆಗಳಲ್ಲಿ ಅಂಗಭೋಗ, ರಂಗಭೋಗ, ನೈವೇದ್ಯ, ತಪೋಧನರ ಆಹಾರದಾನ, ವಿದ್ಯಾದಾನ ಎಂಬಿವುಗಳ ಜೊತೆಯಲ್ಲಿ ‘ಖಂಡಸ್ಫುಟಿತಜೀರ್ಣೋದ್ಧಾರ’ ಎಂಬ ಮಾತು ಮೇಲಿಂದಮೇಲೆ ಬರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದು ಒಂದು ಪ್ರತ್ಯೇಕವಾದ ಪ್ರಯೋಜನವೆಂದು ಎಣಿಸಿ, ಎಷ್ಟೋ ವೇಳೆ ಕಟ್ಟಡವು ಇನ್ನೂ ಹೊಸದಾಗಿರುವಾಗಲೇ ಅದಕ್ಕೆ ಭೂಮಿಯನ್ನು ಬಿಡುತ್ತಿದ್ದರು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಕೆರೆಯನ್ನು ಕಟ್ಟಿಸಿದವನ ಕೀರ್ತಿಯನ್ನು ಹೇಳುವ ಶಾಸನಗಳೊಡನೆ, ಅದನ್ನು ಕಾಪಾಡುವುದಕ್ಕಾಗಿ ಬಿತ್ತುವಟ್ಟವನ್ನು ಬಿಟ್ಟ ಶಾಸನಗಳೂ, ಹೂಳೆತ್ತುವ ಬಂಡಿಯ ವೆಚ್ಚಕ್ಕೆ ದತ್ತಿಯನ್ನು ಕೊಟ್ಟ ಶಾಸನಗಳೂ ಉಂಟು. ದಾನ, ಪಾಲನೆ ಇವೆರಡರಲ್ಲಿ ಪಾಲನೆಯೇ ಶ್ರೇಯಸ್ಕರವೆಂಬ ಅರ್ಥದ ಶ್ಲೋಕವು ಶಾಸನಗಳ ಕಡೆಯಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಓದುವವರು ಅದನ್ನು ಬರಿಯ ವಾಡಿಕೆಯ ಮಾತೆಂದು ದಾಟಿಹೋಗುವುದೇ ಹೆಚ್ಚು.

ಈ ಶ್ಲೋಕದ ಅರ್ಥವು ಇಂದು ಅತ್ಯಂತ ಸ್ಫುಟವಾಗಿ ಕಾಣಬರುವ ಕ್ಷೇತ್ರವು ದೇವಾಲಯವೂ ಅಲ್ಲ, ಕೆರೆಯೂ ಅಲ್ಲ. ಕಂಪ್ಯೂಟರುಗಳನ್ನು ನಡೆಸುವ ಮುಕ್ತತಂತ್ರಾಂಶಗಳ ಕ್ಷೇತ್ರವು. ಲೋಕದ ಬ್ಯಾಂಕುಗಳೂ ಸರಕಾರಗಳೂ ವಿಶ್ವವಿದ್ಯಾನಿಲಯಗಳೂ ಗ್ರಂಥಾಲಯಗಳೂ ಇವುಗಳ ಮೇಲೆ ನಿಂತಿವೆ. ಇವುಗಳನ್ನು ರಚಿಸಿದವರಿಗೆ ಕೀರ್ತಿಯು ದೊರೆತಿದೆ. ಕಾಪಾಡುವವರಿಗೆ ಜೀವನೋಪಾಯವು ದೊರೆತಿಲ್ಲ. ಉಪಯೋಗ ಹೊಂದುವ ಸಂಸ್ಥೆಗಳು ಈ ಕಾಪಾಡುವಿಕೆಗೆ ಯಾವ ಬಗೆಯಲ್ಲಿ ಧನಸಹಾಯ ಮಾಡಬಹುದು, ಯಾವ ಬಗೆಯು ಫಲಕಾರಿಯಾಯಿತು, ಯಾವುದು ಆಗಲಿಲ್ಲ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ತಂತ್ರಾಂಶವೆಂಬುದು ಮೂಲತಃ ಒಂದು ಗ್ರಂಥ. ಯಂತ್ರವು ಏನು ಮಾಡಬೇಕೆಂಬುದನ್ನು ಮನುಷ್ಯರು ಓದಬಹುದಾದ ಒಂದು ಕೃತಕಭಾಷೆಯಲ್ಲಿ ಬರೆದಿಡುತ್ತಾರೆ. ಸೋರ್ಸ್ ಕೋಡ್ ಎಂದು ಕರೆಯಲ್ಪಡುವ ಇದನ್ನು ಮೂಲಪಾಠವೆನ್ನಬಹುದು. ಸಾಮಾನ್ಯ ವ್ಯಾಪಾರಿಯು ಈ ಮೂಲಪಾಠವನ್ನು ಬಚ್ಚಿಟ್ಟು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಮಾರುವನು. ಮುಕ್ತತಂತ್ರಾಂಶದಲ್ಲಿಯಾದರೋ ಮೂಲಪಾಠವು ಎಲ್ಲರಿಗೂ ತೆರೆದಿರುವುದು. ಅದನ್ನು ಓದಲು, ತಿದ್ದಲು, ಪ್ರತಿಮಾಡಿ ಹಂಚಲು ಲೈಸೆನ್ಸಿನಲ್ಲಿಯೇ ಅನುಮತಿಯುಂಟು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಅಮೆರಿಕೆಯಲ್ಲಿ ಇದನ್ನು ಒಂದು ಧರ್ಮವಾಗಿ ಸಾರಿದರು. ೧೯೯೮ರಲ್ಲಿ ಬೇರೆ ಕೆಲವರು, ವ್ಯಾಪಾರಿಗಳಿಗೂ ಒಪ್ಪಿಗೆಯಾಗಲೆಂದು, ಇದಕ್ಕೆ ‘ಓಪನ್ ಸೋರ್ಸ್’ ಎಂಬ ಹೆಸರನ್ನಿಟ್ಟರು. ಸ್ಟಾಲ್‌ಮನ್ನರು ಬಳಸಿದ ಇಂಗ್ಲಿಷ್ ಶಬ್ದಕ್ಕೆ ಸ್ವತಂತ್ರವೆಂದೂ ಬೆಲೆಯಿಲ್ಲದ್ದೆಂದೂ ಎರಡರ್ಥಗಳಿರುವುದರಿಂದ ಅಲ್ಲಿ ಬಹಳ ಗೊಂದಲವಾಯಿತು. ಕನ್ನಡದಲ್ಲಿ ಮುಕ್ತವೇ ಬೇರೆ, ಉಚಿತವೇ ಬೇರೆಯಾದುದರಿಂದ ಆ ಗೊಂದಲಕ್ಕೆ ಎಡೆಯಿಲ್ಲ. ಸಂಸ್ಕೃತದಲ್ಲಿ ‘ಯೋಗ್ಯ’ವೆಂಬ ಅರ್ಥವುಳ್ಳ ಉಚಿತಶಬ್ದವು ಕನ್ನಡದಲ್ಲಿ ‘ಬೆಲೆಯಿಲ್ಲದೆ ದೊರೆಯುವುದು’ ಎಂಬ ಅರ್ಥಕ್ಕೆ ಇಳಿದುದು ಮಾತ್ರ ಈ ಪ್ರಸಂಗದಲ್ಲಿ ಸ್ವಲ್ಪ ನಗೆಯನ್ನು ತರುವಂತಿದೆ. ಬೆಲೆಯಿಲ್ಲದೆ ಪಡೆಯುವುದೇ ಯೋಗ್ಯವೆಂದು ದೊಡ್ಡ ದೊಡ್ಡ ಕಂಪನಿಗಳು ತಿಳಿದಂತೆ ಕಾಣುತ್ತದೆ.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ‘ಅರ್ಕ’ ಎಂಬ ಶಬ್ದವನ್ನು ತೆಗೆದುಕೊಳ್ಳೋಣವಾಗಲಿ. ಇದರಲ್ಲಿ ರೇಫವು ಮೊದಲು ಉಚ್ಚರಿಸಲ್ಪಡುವುದು. ಆದರೆ ಬರವಣಿಗೆಯಲ್ಲಿ ಅರ್ಕಾವತ್ತು ಕಕಾರದ ಬಲಕ್ಕೆ ಬಂದು ನಿಲ್ಲುವುದು. ಯೂನಿಕೋಡ್ ಸಂಕೇತದಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿಯೇ ಇರುತ್ತವೆ. ಆದುದರಿಂದ ಕಣ್ಣಿಗೆ ಸರಿಯಾಗಿ ಕಾಣಬೇಕಾದರೆ ಯಾರಾದರೂ ಆ ರೇಫವನ್ನು ಎತ್ತಿ ಮುಂದಕ್ಕೆ ಇಡಬೇಕು. ಒತ್ತಕ್ಷರಗಳನ್ನು ಕೆಳಗೆ ಕೂಡಿಸಬೇಕು. ಗುಣಿತಾಕ್ಷರಗಳ ಚಿಹ್ನೆಗಳನ್ನು ಹೊಂದಿಸಬೇಕು. ಅಚ್ಚುಕೂಟದಲ್ಲಿ ಮೊಳೆಜೋಡಿಸುವವನು ಮಾಡುತ್ತಿದ್ದ ಈ ಕೆಲಸವನ್ನು ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಮೊದಲಾದವುಗಳಲ್ಲಿ ಹಾರ್ಫ್‌ಬಜ್ ಎಂಬ ಒಂದು ಮುಕ್ತತಂತ್ರಾಂಶವು ಮಾಡುತ್ತಿದೆ. ಹೆಸರು ಪಾರಸೀಕಭಾಷೆಯದು, ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದುದು, ‘ಓಪನ್‌ಟೈಪ್’ ಎಂಬ ಇಂಗ್ಲಿಷ್ ಹೆಸರಿನ ಪಾರಸೀಕರೂಪವಿದು. ಇದರ ಮುಖ್ಯ ಕರ್ತೃಗಳಾದ ಬೆಹ್ದಾದ್ ಎಸ್‌ಫಹಬೋದರು ಇದನ್ನು ರೆಡ್‌ಹ್ಯಾಟ್, ಗೂಗಲ್ ಮುಂತಾದ ಕಂಪನಿಗಳ ವೇತನದಲ್ಲಿದ್ದುಕೊಂಡು ಬೆಳೆಸಿದರು. ಫೋನಿನಲ್ಲಿ ಪಂಪಭಾರತವನ್ನು ಓದುವ ವಿದ್ಯಾರ್ಥಿಯು ಬಹುಮಟ್ಟಿಗೆ ಈ ಪರಿಶ್ರಮದ ಫಲವನ್ನು ಉಣ್ಣುತ್ತಿರುವನು. ಅದಕ್ಕಾಗಿ ಆತನಾಗಲಿ, ಆತನ ಕಾಲೇಜಾಗಲಿ, ಗ್ರಂಥವನ್ನು ಪ್ರಕಟಿಸಿದವರಾಗಲಿ ಒಂದು ಕಾಸನ್ನೂ ಕೊಟ್ಟವರಲ್ಲ.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಕಲ್ಲು ಬಿರಿಯುವುದು, ಏರಿ ಒಡೆಯುವುದು. ಆದರೆ ಅಕ್ಷರವೆಂದರೆ ಕ್ಷರಿಸದುದು. ಒಮ್ಮೆ ಸರಿಯಾಗಿ ಬರೆದ ಮೂಲಪಾಠಕ್ಕೆ ಜೀರ್ಣತೆ ಎಲ್ಲಿಂದ ಬಂತು? ಉತ್ತರವೇನೆಂದರೆ: ಪಾಠವು ಸವೆಯದಿದ್ದರೂ ಅದನ್ನು ಸುತ್ತಿಕೊಂಡಿರುವ ಲೋಕವು ಬದಲಾಗುತ್ತಿರುತ್ತದೆ. ಯಂತ್ರಗಳು ಬದಲಾಗುತ್ತವೆ, ಆಶ್ರಯಿಸಿದ ಬೇರೆ ತಂತ್ರಾಂಶಗಳು ಬದಲಾಗುತ್ತವೆ, ಹಿಂದೆ ಯಾರೂ ಕಾಣದಿದ್ದ ರಂಧ್ರವನ್ನು ಕಳ್ಳನೊಬ್ಬನು ಕಾಣುತ್ತಾನೆ. ಸಂಕೇತವೇ ಬೆಳೆಯುತ್ತದೆ. ಹಳೆಯ ಬರವಣಿಗೆಯಲ್ಲಿ ಕಾಣುವ ನಕಾರಪೊಲ್ಲು ಯೂನಿಕೋಡಿಗೆ ಸೇರಿದ್ದು ೨೦೨೧ರಲ್ಲಿ, ಅದರ ೧೪ನೆಯ ಆವೃತ್ತಿಯಲ್ಲಿ. ಹೀಗೆ ಒಂದೊಂದು ಅಕ್ಷರವು ಸೇರಿದಾಗಲೂ ಅಕ್ಷರಜೋಡಣೆಯ ತಂತ್ರಾಂಶಗಳನ್ನೂ ಅಕ್ಷರಮಾದರಿಗಳನ್ನೂ ಒಬ್ಬರು ಕುಳಿತು ಅದಕ್ಕೆ ಹೊಂದಿಸಬೇಕು, ಪರೀಕ್ಷಿಸಬೇಕು. ಇದರಲ್ಲಿ ಹೊಸತನ್ನು ಸೃಷ್ಟಿಸಿದ ಹಿಗ್ಗಿಲ್ಲ. ಬೇರೆಯವರು ಕಳುಹಿಸಿದ ತಿದ್ದುಪಡಿಗಳನ್ನು ಓದುವುದು, ದೂರುಗಳಿಗೆ ಉತ್ತರ ಕೊಡುವುದು, ತಪ್ಪೆಂದದ್ದು ನಿಜವಾಗಿ ತಪ್ಪೇ ಎಂದು ನೋಡುವುದು: ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಹೋಲಿಸಿ ಕುಳಿತವರು ಈ ದುಡಿಮೆಯ ಸ್ವರೂಪವನ್ನು ಸುಲಭವಾಗಿ ಊಹಿಸಬಲ್ಲರು. ಇದನ್ನು ಮಾಡುವವರಿಗೆ ಇಂಗ್ಲಿಷಿನಲ್ಲಿ ಮೇಂಟೇನರ್ ಎಂದು ಹೆಸರು. ಪಾಲಕರೆಂದರೆ ಸಾಕು.

ಪಾಲಕರನ್ನು ಮರೆತುದರ ಫಲವು ಲೋಕಕ್ಕೆಲ್ಲ ಗೊತ್ತಾದುದು ೨೦೧೪ನೆಯ ಏಪ್ರಿಲ್ ೭ರಂದು. ಅಂತರ್ಜಾಲದಲ್ಲಿ ಹಣದ ವ್ಯವಹಾರವನ್ನು ಮಾಡುವಾಗ ಗುಪ್ತಪದಗಳು ದಾರಿಯಲ್ಲಿ ಕಳುವಾಗದಂತೆ ಅವುಗಳನ್ನು ಗೂಢಲಿಪಿಗೆ ತಿರುಗಿಸುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬುದು ಪ್ರಮುಖವಾದುದು. ೧೯೯೮ರಲ್ಲಿ ಇದು ಈ ಹೆಸರಿನಿಂದ ಮೊದಲಾಯಿತು. ಎರಡು ಯಂತ್ರಗಳು ಸಂಪರ್ಕದಲ್ಲಿರುವಾಗ ‘ನೀನು ಇನ್ನೂ ಇದ್ದೀಯಾ’ ಎಂದು ಒಂದು ಮತ್ತೊಂದನ್ನು ಕೇಳುವ ಪದ್ಧತಿಯನ್ನು ೨೦೧೨ರ ಮಾರ್ಚಿಯಲ್ಲಿ ಹೊರಬಂದ ಆವೃತ್ತಿಯಲ್ಲಿ ಸೇರಿಸಿದರು. ಕೇಳುವ ಯಂತ್ರವು ಒಂದು ಪದವನ್ನು ಕಳುಹಿಸಿ, ‘ಇಷ್ಟು ಅಕ್ಷರಗಳ ಈ ಪದವನ್ನು ತಿರುಗಿ ಹೇಳು’ ಎನ್ನುವುದು. ಮತ್ತೊಂದು ಅದನ್ನೇ ಹೇಳುವುದು. ಪದದಲ್ಲಿ ನಿಜವಾಗಿಯೂ ಅಷ್ಟು ಅಕ್ಷರಗಳಿವೆಯೇ ಎಂದು ಎಣಿಸಿ ನೋಡುವ ಒಂದು ಮಾತನ್ನು ಬರೆಯಲು ಮರೆತಿದ್ದರು. ನಾಲ್ಕಕ್ಷರದ ಪದವನ್ನು ಕಳುಹಿಸಿ ಸಾವಿರಾರು ಅಕ್ಷರಗಳನ್ನು ಕೇಳಿದರೆ, ಆ ಯಂತ್ರವು ಪದವನ್ನು ಹೇಳಿ ಮುಗಿಸಿ, ತನ್ನ ಸ್ಮೃತಿಯಲ್ಲಿ ಅದರ ಪಕ್ಕಕ್ಕೆ ಏನಿದೆಯೋ ಅದನ್ನೆಲ್ಲ ಒದರಿಬಿಡುತ್ತಿತ್ತು. ಇತರರ ಗುಪ್ತಪದಗಳೂ ಯಂತ್ರದ ಬೀಗದ ಕೈಗಳೂ ಅದರಲ್ಲಿ ಬರಬಹುದಾಗಿತ್ತು. ಕದ್ದವನ ಹೆಜ್ಜೆಯ ಗುರುತೂ ಉಳಿಯುತ್ತಿರಲಿಲ್ಲ. ಹಾರ್ಟ್‌ಬ್ಲೀಡ್ ಎಂದು ಹೆಸರುಗೊಂಡ ಈ ದೋಷವು ಎರಡು ವರ್ಷಕಾಲ ಎಲ್ಲರ ಕಣ್ಣೆದುರಿನ ತೆರೆದ ಪಾಠದಲ್ಲಿಯೇ ಇತ್ತು. ಒಬ್ಬರು ಬರೆದು ಕಳುಹಿಸಿದ್ದರು, ಒಬ್ಬರು ನೋಡಿ ಒಪ್ಪಿದ್ದರು. ಇಬ್ಬರ ಕಣ್ಣಿಗೂ ಬೀಳಲಿಲ್ಲ. ನೆಟ್‌ಕ್ರಾಫ್ಟ್ ಸಂಸ್ಥೆಯ ಎಣಿಕೆಯಂತೆ ಸುಮಾರು ಐದು ಲಕ್ಷ ತಾಣಗಳು ಇದರ ಅಪಾಯಕ್ಕೊಳಗಾಗಿದ್ದವು.

ಆಗ ಲೋಕವು ವಿಚಾರಿಸತೊಡಗಿತು, ಇದನ್ನು ನೋಡಿಕೊಳ್ಳುವವರು ಯಾರು ಎಂದು. ಓಪನ್‌ಎಸ್‌ಎಸ್‌ಎಲ್‌ನ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಸ್ಟೀವ್ ಮಾರ್ಕ್ವೆಸರು ಕೆಲವೇ ದಿನಗಳಲ್ಲಿ ಒಂದು ಲೇಖನದಲ್ಲಿ ಎಲ್ಲವನ್ನೂ ಬಿಚ್ಚಿಹೇಳಿದರು. ಸಾಮಾನ್ಯವಾಗಿ ವರ್ಷಕ್ಕೆ ಬರುತ್ತಿದ್ದ ದಾನವು ಸುಮಾರು ೨,೦೦೦ ಡಾಲರು. ಪೂರ್ಣಕಾಲ ಇದೇ ಕೆಲಸದಲ್ಲಿದ್ದವರು ಒಬ್ಬರು. ಉಳಿದವರು ಬೇರೆ ಉದ್ಯೋಗಗಳನ್ನು ಮಾಡಿಕೊಂಡು ಬಿಡುವಿನಲ್ಲಿ ದುಡಿಯುವವರು. ಒಪ್ಪಂದಗಳಿಂದ ಕೊಂಚ ಹಣ ಬರುತ್ತಿತ್ತಾದರೂ ಅದು ಕೊಟ್ಟವರಿಗೆ ಬೇಕಾದ ವಿಶೇಷಗಳನ್ನು ಸೇರಿಸುವುದಕ್ಕೆ. ಇದ್ದುದನ್ನು ಮೊದಲಿಂದ ಕಡೆಯವರೆಗೆ ಓದಿ ಶೋಧಿಸುವುದಕ್ಕೆ ಯಾರೂ ಕೊಡುತ್ತಿರಲಿಲ್ಲ. ದೋಷವು ಬಯಲಾದಮೇಲೆ ಕನಿಕರದಿಂದ ಸುಮಾರು ೨೦೦ ಮಂದಿ ಕಳುಹಿಸಿದ ಹಣವೆಲ್ಲ ಸೇರಿ ೯,೦೦೦ ಡಾಲರಾಯಿತು. ಕೊಟ್ಟವರಲ್ಲಿ ಬಹುಮಂದಿ ಸಾಮಾನ್ಯ ಜನರು. ಕೊಟ್ಯಂತರ ಲಾಭ ಪಡೆಯುವ ಕಂಪನಿಗಳ ಹೆಸರು ಆ ಪಟ್ಟಿಯಲ್ಲಿ ಕಾಣಬರಲಿಲ್ಲವೆಂಬುದೇ ಮಾರ್ಕ್ವೆಸರ ದೂರು. ಇಂತಹ ಕಾರ್ಯಕ್ಕೆ ಕಡೆಯ ಪಕ್ಷ ಆರು ಮಂದಿಯಾದರೂ ಪೂರ್ಣಕಾಲ ಬೇಕೆಂದು ಅವರು ಬರೆದರು.

ಕಂಪನಿಗಳು ಎಚ್ಚತ್ತವು. ಅದೇ ತಿಂಗಳ ೨೪ರಂದು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಅಮೆಜಾನ್, ಗೂಗಲ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಮೊದಲಾದ ಹತ್ತಕ್ಕೂ ಹೆಚ್ಚು ಕಂಪನಿಗಳು ಸೇರಿ, ಪ್ರತಿಯೊಂದೂ ಮೂರು ವರ್ಷಗಳವರೆಗೆ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಕೊಡುವುದೆಂದು ಗೊತ್ತುಮಾಡಿದವು. ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಕಾಲದ ಪಾಲಕರ ವೇತನವು ಇದರಿಂದ ದೊರೆಯಿತು. ಪ್ರಯೋಜನವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಏರಿ ಒಡೆದಮೇಲೆ ಬಿಟ್ಟ ಬಿತ್ತುವಟ್ಟ. ಒಡೆಯದಿದ್ದ ಏರಿಗಳ ಕಡೆಗೆ ನೋಡಿದವರು ಬಹಳ ಕಡಮೆ. ಅದೇ ವರ್ಷದ ಜನವರಿಯಲ್ಲಿ, ದೂರದ ಯಂತ್ರಗಳನ್ನು ಭದ್ರವಾಗಿ ನಡೆಸಲು ಲೋಕವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನು ಕೊಟ್ಟ ಓಪನ್‌ಬಿಎಸ್‌ಡಿ ಸಂಘದವರು, ವಿದ್ಯುಚ್ಛಕ್ತಿಯ ೨೦,೦೦೦ ಡಾಲರುಗಳ ವೆಚ್ಚಕ್ಕೆ ಗತಿಯಿಲ್ಲದೆ ಬಾಗಿಲು ಮುಚ್ಚಬೇಕಾದೀತೆಂದು ಹೇಳಿಕೊಂಡಿದ್ದರು. ಜರ್ಮನಿಯಲ್ಲಿ ವರ್ನರ್ ಕೋಖರು ೧೯೯೭ರಿಂದ ಕಾಪಾಡಿಕೊಂಡು ಬಂದ ಜಿಎನ್‌ಯುಪಿಜಿ ಎಂಬ ಗೂಢಲಿಪಿಯ ತಂತ್ರಾಂಶದ ಕಥೆಯೂ ಇಂತಹುದೇ. ಪತ್ರಿಕಾಕರ್ತರೂ ರಾಜಕಾರಣದ ಗುಟ್ಟುಗಳನ್ನು ಹೊರಗೆಡಹಿದವರೂ ಅದನ್ನು ನೆಚ್ಚಿಕೊಂಡಿದ್ದರು. ಕೋಖರು ೨೦೧೩ರಲ್ಲಿ ಅದನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ೨೦೧೫ರ ಫೆಬ್ರವರಿಯಲ್ಲಿ ಅಮೆರಿಕೆಯ ಪತ್ರಿಕಾಸಂಸ್ಥೆಯೊಂದು ಅವರ ಸ್ಥಿತಿಯನ್ನು ಬರೆದಮೇಲೆ ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ ೫೦,೦೦೦ ಡಾಲರುಗಳನ್ನು ಕೊಡಲು ಒಪ್ಪಿದವು. ಒಬ್ಬ ಲೇಖಕಿಯು ಬರೆಯದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಬರೆಯಲ್ಪಡದವರ ಸಂಖ್ಯೆಯೇ ದೊಡ್ಡದು.

ಹಣದ ಅಭಾವಕ್ಕಿಂತಲೂ ಏಕಾಕಿತ್ವವು ಹೆಚ್ಚು ಅಪಾಯಕರವೆಂಬುದನ್ನು ೨೦೨೪ರ ಒಂದು ಪ್ರಸಂಗವು ತೋರಿಸಿತು. ಕಡತಗಳನ್ನು ಒತ್ತಿ ಚಿಕ್ಕದುಮಾಡುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ ಕಾಪಾಡುತ್ತಿದ್ದರು. ಕೆಲಸವು ತಡವಾಗುತ್ತಿದೆಯೆಂದು ೨೦೨೨ರಲ್ಲಿ ಕೆಲವರು ಅವರನ್ನು ಚುಚ್ಚಿ ಬರೆದಾಗ, ಇದು ವೇತನವಿಲ್ಲದ ಹವ್ಯಾಸವೆಂಬುದನ್ನು ಅವರು ನೆನಪುಮಾಡಿಕೊಡಬೇಕಾಯಿತು. ಆ ವೇಳೆಗೆ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಸಹಾಯಕನು ಒದಗಿದ್ದನು. ವಿನಯದಿಂದ, ಬೇಸರವಿಲ್ಲದೆ, ಎರಡು ವರ್ಷಕ್ಕೂ ಮೇಲ್ಪಟ್ಟು ದುಡಿದು ವಿಶ್ವಾಸವನ್ನು ಗಳಿಸಿ, ಕಡೆಗೆ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವನ್ನೂ ಪಡೆದು, ಅದರೊಳಗೆ ಒಂದು ಕಳ್ಳಗಿಂಡಿಯನ್ನು ಇಟ್ಟನು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ತಮ್ಮ ಯಂತ್ರವು ಅರ್ಧ ಸೆಕೆಂಡಿನಷ್ಟು ತಡಮಾಡಿದುದೇಕೆಂದು ಬೆನ್ನುಹತ್ತಿ ಹೋಗಿ ಇದನ್ನು ಕಂಡು, ಮಾರ್ಚಿ ೨೯ರಂದು ಪ್ರಕಟಿಸಿದುದರಿಂದ, ಅದು ಬಹಳ ಕಡೆ ಹರಡುವ ಮೊದಲೇ ತಡೆಯಲ್ಪಟ್ಟಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಳಲಿದ ಪಾಲಕನ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತು ದುಡಿಯುವ ಮನುಷ್ಯನು, ಉಪಕಾರವನ್ನು ಹೊಂದಿದ್ದ ನೂರಾರು ಸಂಸ್ಥೆಗಳ ಕಡೆಯಿಂದ ಬರಲಿಲ್ಲ. ಅಪಕಾರವನ್ನು ಎಣಿಸಿದವರ ಕಡೆಯಿಂದ ಬಂದನು.

ಹಾಗಾದರೆ ಹಣವನ್ನು ಕೊಡಬೇಕು ಎಂದರೆ, ಅದಕ್ಕೊಂದು ಪೂರ್ವಪಕ್ಷವುಂಟು. ಮುಕ್ತತಂತ್ರಾಂಶವು ಪ್ರೀತಿಯಿಂದ ನಡೆಯುವ ಕೆಲಸ. ಕೂಲಿಯು ಬಂದರೆ ಪ್ರೀತಿಯು ಹೋಗುವುದು. ವೇತನ ಪಡೆಯುವವನ ಪಕ್ಕದಲ್ಲಿ ಪಡೆಯದವನು ಏಕೆ ದುಡಿದಾನು ಎಂಬುದು. ಈ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಯುಕ್ತವಲ್ಲ. ಧರ್ಮಶಾಸ್ತ್ರಕಾರರಿಗೂ ಇಂತಹ ಅಂಜಿಕೆ ಇತ್ತು. ಕೂಲಿಗೆ ಪಾಠಹೇಳುವ ಭೃತಕಾಧ್ಯಾಪಕನನ್ನು ಮನುವು ಶ್ರಾದ್ಧಕ್ಕೆ ಅನರ್ಹರಾದವರ ಸಾಲಿನಲ್ಲಿ ಸೇರಿಸಿದ್ದಾನೆ. ಆದರೆ ಅದೇ ಸಂಪ್ರದಾಯದಲ್ಲಿ ಅಧ್ಯಾಪಕನಿಗೆ ವೃತ್ತಿಯನ್ನು ಬಿಡುವುದು ಮಹಾಪುಣ್ಯವೆನಿಸಿತ್ತು. ಅಗ್ರಹಾರಗಳೂ ಬ್ರಹ್ಮಪುರಿಗಳೂ ಹುಟ್ಟಿದುದು ಹೀಗೆಯೇ. ೧೧೬೨ರ ಶಾಸನದಲ್ಲಿ ವರ್ಣಿತವಾದ ಬಳ್ಳಿಗಾವೆಯ ಕೋಡಿಯಮಠದಲ್ಲಿ ವ್ಯಾಕರಣಾದಿ ಶಾಸ್ತ್ರಗಳ ಪಾಠವೂ ದೀನಾನಾಥರ ಅನ್ನದಾನವೂ ಒಂದೇ ಆಶ್ರಯದಲ್ಲಿ ನಡೆಯುತ್ತಿದ್ದವು. ಭೃತಿಯೆಂದರೆ ಇಷ್ಟು ಪಾಠಕ್ಕೆ ಇಷ್ಟು ಎಂಬ ಕೂಲಿ. ವೃತ್ತಿಯೆಂದರೆ ಬದುಕಿನ ಚಿಂತೆಯನ್ನು ಬಿಡಿಸಿ ಪಾಠಕ್ಕೆ ಮನಸ್ಸನ್ನು ಒದಗಿಸುವುದು. ಮುಕ್ತತಂತ್ರಾಂಶಕ್ಕೆ ಸಂಸ್ಥೆಗಳು ಕೊಟ್ಟ ಹಣವು ಬಹುಕಾಲದವರೆಗೆ ಭೃತಿಯ ರೂಪದಲ್ಲಿಯೇ ಇತ್ತು: ‘ನಮಗೆ ಬೇಕಾದ ಈ ವಿಶೇಷವನ್ನು ಸೇರಿಸು, ಇಷ್ಟು ಕೊಡುತ್ತೇವೆ.’ ಇದರಿಂದ ಪಾಲಕನ ಹೊರೆಯು ಇಳಿಯುವುದಿಲ್ಲ, ಏರುತ್ತದೆ. ಸೇರಿದ ಪ್ರತಿಯೊಂದು ವಿಶೇಷವನ್ನೂ ಹಣ ಮುಗಿದಮೇಲೆಯೂ ಆತನೇ ಕಾಯಬೇಕು.

ವೃತ್ತಿಯ ಮಾರ್ಗವನ್ನು ಸ್ಪಷ್ಟವಾಗಿ ಹಿಡಿದವರಲ್ಲಿ ಜಾಂಗೋ ತಂತ್ರಾಂಶದವರನ್ನು ಮೊದಲು ಹೇಳಬೇಕು. ಅಂತರ್ಜಾಲತಾಣಗಳನ್ನು ಕಟ್ಟುವುದಕ್ಕೆ ನೆರವಾಗುವ ಈ ತಂತ್ರಾಂಶವು ೨೦೦೫ರಲ್ಲಿ ಹೊರಬಂದಿತು. ಅದನ್ನು ನೋಡಿಕೊಳ್ಳುವ ಪ್ರತಿಷ್ಠಾನವು ೨೦೧೪ರಲ್ಲಿ, ಬಳಸುವ ಕಂಪನಿಗಳಿಂದಲೂ ವ್ಯಕ್ತಿಗಳಿಂದಲೂ ಬಂದ ಹಣದಿಂದ, ‘ಫೆಲೋ’ ಎಂಬ ಸ್ಥಾನವನ್ನು ಏರ್ಪಡಿಸಿತು. ಆತನ ಕರ್ತವ್ಯವೇನೆಂಬುದೇ ಇಲ್ಲಿ ಸ್ವಾರಸ್ಯ. ಹೊಸ ವಿಶೇಷಗಳನ್ನು ರಚಿಸುವುದು ಅವನ ಮುಖ್ಯ ಕಾರ್ಯವಲ್ಲ. ಬಂದ ದೂರುಗಳನ್ನು ಓದಿ ವಿಂಗಡಿಸುವುದು, ಇತರರು ಕಳುಹಿಸಿದ ತಿದ್ದುಪಡಿಗಳನ್ನು ಪರೀಕ್ಷಿಸಿ ಸೇರಿಸುವುದು, ಭದ್ರತೆಯ ದೋಷಗಳನ್ನು ಗುಟ್ಟಾಗಿ ಸರಿಪಡಿಸುವುದು, ಆವೃತ್ತಿಗಳನ್ನು ಹೇಳಿದ ಕಾಲಕ್ಕೆ ಹೊರಡಿಸುವುದು, ಇವಿಷ್ಟೇ. ಯಾರೂ ಪ್ರೀತಿಯಿಂದ ಮಾಡಲಾರದ ಕೆಲಸಕ್ಕೆ ವೃತ್ತಿ. ಪ್ರೀತಿಯಿಂದ ಮಾಡಬಹುದಾದುದನ್ನು ಪ್ರೀತಿಗೇ ಬಿಟ್ಟುದು. ಪೂರ್ವಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನವು ಸಿಕ್ಕುವುದು ಕಷ್ಟ. ಬಿಡುವಿನಲ್ಲಿ ದುಡಿಯುವವರು ಕಳುಹಿಸಿದ ತಿದ್ದುಪಡಿಯು ತಿಂಗಳುಗಟ್ಟಲೆ ಉತ್ತರವಿಲ್ಲದೆ ಬಿದ್ದಿರುವುದೇ ಅವರ ಉತ್ಸಾಹವನ್ನು ಕೊಲ್ಲುವ ಮುಖ್ಯ ಕಾರಣ. ಉತ್ತರ ಕೊಡಲು ಒಬ್ಬನು ಸದಾ ಇದ್ದರೆ ಉತ್ಸಾಹವು ಉಳಿಯುವುದು.

ಬೇರೆ ಮಾರ್ಗಗಳೂ ಉಂಟು. ಪಾಲಕನನ್ನೇ ಕಂಪನಿಯು ನೌಕರಿಗೆ ತೆಗೆದುಕೊಂಡು ಅದೇ ಕೆಲಸದಲ್ಲಿ ಬಿಡುವುದು ಬಹಳ ಹಳೆಯದು, ದೊಡ್ಡ ತಂತ್ರಾಂಶಗಳಲ್ಲಿ ಬಹಳ ಫಲಿಸಿದುದು. ಹಾರ್ಫ್‌ಬಜ್ ಬೆಳೆದುದು ಹೀಗೆಯೇ ಎಂದು ಮೇಲೆ ಹೇಳಿದೆ. ಯಜಮಾನನ ಮನಸ್ಸು ತಿರುಗಿದರೆ ಅದರೊಡನೆ ಪಾಲನೆಯೂ ನಿಲ್ಲುವುದು ಇದರ ದೋಷ. ತಂತ್ರಾಂಶವನ್ನು ಉಚಿತವಾಗಿಟ್ಟು, ಕಷ್ಟಬಂದಾಗ ಪಾಲಕನ ನೆರವನ್ನು ಒಪ್ಪಂದದ ಮೇಲೆ ಮಾರುವುದು ಮತ್ತೊಂದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗರು ತಮ್ಮ ಕರ್ಲ್ ತಂತ್ರಾಂಶವನ್ನು ೨೦೧೯ರಿಂದ ಈ ಬಗೆಯಲ್ಲಿ ಪೂರ್ಣಕಾಲ ನೋಡಿಕೊಳ್ಳತೊಡಗಿದರು. ಕೋಖರ ಸಂಸ್ಥೆಯೂ ಜರ್ಮನ್ ಸರಕಾರದ ಕಚೇರಿಗಳಿಗೆ ಇಂತಹ ಸೇವೆಯನ್ನು ಮಾರಿ ನೆಲೆಗೊಂಡು, ೨೦೨೨ರಲ್ಲಿ ತನಗಿನ್ನು ದಾನವು ಬೇಡವೆಂದು ದಾನಿಗಳಿಗೆ ತಿಳಿಸಿತು. ದಾನವನ್ನು ಬೇಡವೆಂದ ಪ್ರತಿಗ್ರಾಹಿಯು ಅಪೂರ್ವ. ಆದರೆ ಈ ಮಾರ್ಗವು ಬೀಗದಂತಹ ವಸ್ತುವನ್ನು ಮಾಡುವವನಿಗೆ ಒದಗುವುದೇ ಹೊರತು, ಅಕ್ಷರಗಳನ್ನು ಜೋಡಿಸುವವನಿಗೆ ಒದಗಲಾರದು. ಒತ್ತಕ್ಷರವು ಕೆಟ್ಟಿತೆಂದು ಒಪ್ಪಂದವನ್ನು ಮಾಡಿಕೊಳ್ಳುವ ಗಿರಾಕಿ ಎಲ್ಲಿ?

ಸರಕಾರವೇ ಮುಂದೆ ಬಂದುದಕ್ಕೆ ಜರ್ಮನಿಯು ಉದಾಹರಣೆ. ಸೇತುವೆ ರಸ್ತೆಗಳಂತೆ ಇವೂ ಸಾರ್ವಜನಿಕ ಕಟ್ಟಡಗಳೆಂದು ಎಣಿಸಿ ೨೦೨೨ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸಿತು. ಮರುವರ್ಷ ಗ್ನೋಮ್ ಎಂಬ ತಂತ್ರಾಂಶದ ಪ್ರತಿಷ್ಠಾನಕ್ಕೆ ಹತ್ತು ಲಕ್ಷ ಯೂರೋಗಳು ಇದರಿಂದ ದೊರೆತವು. ೨೦೨೪ರ ಅಕ್ಟೋಬರಿನಲ್ಲಿ ಅಮೆರಿಕೆಯ ಕೆಲವು ಕಂಪನಿಗಳು ಒಂದು ಪ್ರತಿಜ್ಞೆಯನ್ನು ಮಾಡಿದವು: ತಮ್ಮಲ್ಲಿ ತಂತ್ರಾಂಶ ಬರೆಯುವ ಪೂರ್ಣಕಾಲದ ನೌಕರನೊಬ್ಬನಿಗೆ ವರ್ಷಕ್ಕೆ ೨,೦೦೦ ಡಾಲರಿಗೆ ಕಡಮೆಯಿಲ್ಲದಂತೆ ಲೆಕ್ಕಹಾಕಿ ಪಾಲಕರಿಗೆ ಕೊಡುವುದೆಂದು. ಬೆಳೆಯ ಇಷ್ಟನೆಯ ಭಾಗವೆಂದು ಗೊತ್ತುಮಾಡಿದ ಹಳೆಯ ದತ್ತಿಗಳ ಗುಣವು ಇದರಲ್ಲಿದೆ. ಸಂಸ್ಥೆಯು ಬೆಳೆದಂತೆ ದತ್ತಿಯೂ ಬೆಳೆಯುವುದು, ಪ್ರತಿವರ್ಷವೂ ‘ಕೊಡೋಣವೇ’ ಎಂಬ ಚರ್ಚೆಯಿಲ್ಲ. ಅದೇ ತಿಂಗಳಲ್ಲಿ ಬೆಂಗಳೂರಿನ ಜೆರೋಧಾ ಎಂಬ ಷೇರುವ್ಯವಹಾರದ ಕಂಪನಿಯು ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ನಿಧಿಯೊಂದನ್ನು ಸಾರಿತು; ಒಂದೊಂದು ತಂತ್ರಾಂಶಕ್ಕೆ ೧೦,೦೦೦ದಿಂದ ಒಂದು ಲಕ್ಷ ಡಾಲರಿನವರೆಗೆ ಕೊಡತಕ್ಕದ್ದೆಂದು ನಿಯಮ. ಬೇಡುವವರು ತಮಗೆ ಏನು, ಯಾವುದಕ್ಕೆ ಬೇಕೆಂಬುದನ್ನು ಗೊತ್ತಾದ ಒಂದು ಮಾದರಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಏರ್ಪಡಿಸಿದುದರಿಂದ, ಬೇರೆ ದಾನಿಗಳೂ ಅದನ್ನು ಓದಿ ಕೊಡಬಹುದಾಗಿದೆ. ಕರ್ಣಾಟಕದೊಳಗಿಂದ ಹೊರಟ ಇಂತಹ ನಿಧಿಯು ಕನ್ನಡದ ಸಂಸ್ಥೆಗಳ ಗಮನಕ್ಕೆ ಇನ್ನೂ ಹೆಚ್ಚಾಗಿ ಬರತಕ್ಕದ್ದಾಗಿದೆ.

ಕೊಡುವುದರಲ್ಲಿ ಕಷ್ಟವಿಲ್ಲವೆಂದು ತಿಳಿಯಬಾರದು. ಎಷ್ಟೋ ತಂತ್ರಾಂಶಗಳಿಗೆ ಹಣವನ್ನು ತೆಗೆದುಕೊಳ್ಳುವ ಕೈಯೇ ಇಲ್ಲ. ಒಬ್ಬನು ಒಂದು ದೇಶದಲ್ಲಿ, ಮತ್ತೊಬ್ಬನು ಮತ್ತೊಂದರಲ್ಲಿ, ಸಂಘವಿಲ್ಲ, ಲೆಕ್ಕಪತ್ರವಿಲ್ಲ. ಇಂತಹವರ ಪರವಾಗಿ ಹಣವನ್ನು ಪಡೆದು ಲೆಕ್ಕವಿಡುವ ಆಶ್ರಯಸಂಸ್ಥೆಗಳು ಅಮೆರಿಕೆಯಲ್ಲಿ ೧೯೯೭ರಿಂದಲೂ ಹುಟ್ಟಿವೆ. ೨೦೧೯ರಿಂದ ಗಿಟ್‌ಹಬ್ ತಾಣವು ಪಾಲಕರಿಗೆ ತಿಂಗಳು ತಿಂಗಳಿಗೂ ಹಣವನ್ನು ಕಳುಹಿಸುವ ಅನುಕೂಲವನ್ನು ಮಾಡಿದೆ. ಆಶ್ರಯಸಂಸ್ಥೆಗಳೂ ಶಾಶ್ವತವಲ್ಲ, ಓಪನ್ ಕಲೆಕ್ಟಿವ್ ಪ್ರತಿಷ್ಠಾನವು ೨೦೨೪ರಲ್ಲಿ ತನ್ನನ್ನು ಮುಚ್ಚುವುದಾಗಿ ತಿಳಿಸಿದಾಗ, ಅದರ ಆಶ್ರಯದಲ್ಲಿದ್ದ ಸಂಘಗಳೆಲ್ಲ ಬೇರೆ ಮನೆಯನ್ನು ಹುಡುಕಬೇಕಾಯಿತು. ಇನ್ನು ನಿಬಂಧನೆಗಳ ಮಾತು. ೨೦೨೫ರ ಅಕ್ಟೋಬರಿನಲ್ಲಿ ಪೈಥಾನ್ ಪ್ರತಿಷ್ಠಾನವು, ಅಮೆರಿಕೆಯ ಸರಕಾರದ ವಿಜ್ಞಾನಸಂಸ್ಥೆಯಿಂದ ಬರಲಿದ್ದ ಹದಿನೈದು ಲಕ್ಷ ಡಾಲರುಗಳನ್ನು, ತನ್ನ ಬೇರೆ ಕಾರ್ಯಗಳನ್ನೂ ಕಟ್ಟಿಹಾಕುವ ನಿಬಂ‌ಧನೆಗಳು ಅದರ ಜೊತೆಗಿದ್ದುವೆಂದು ಬಿಟ್ಟುಕೊಟ್ಟಿತು. ಅದರ ಸ್ವಂತ ವರಮಾನವು ಹೆಚ್ಚಿನದೇನೂ ಅಲ್ಲ.

ಯಾರಿಗೆ ಕೊಡಬೇಕೆಂಬುದೂ ಸುಲಭವಲ್ಲ. ಹೆಸರು ಕೇಳಿದವರಿಗೆ ಎಲ್ಲರೂ ಕೊಡುವರು. ಗೋಪುರವು ದೂರಕ್ಕೆ ಕಾಣುವುದು. ತಳಹದಿಯ ಕಲ್ಲು ಕಾಣದು. ಎಕ್ಸ್‌ಜೆಡ್ಡನ್ನು ಬಳಸುತ್ತಿದ್ದವರಲ್ಲಿ ಅದರ ಹೆಸರನ್ನು ಬಲ್ಲವರು ಎಷ್ಟು ಮಂದಿ? ಆದುದರಿಂದ ಹಣಕ್ಕಿಂತ ಮೊದಲು ಸಂಸ್ಥೆಯು ಮಾಡಬೇಕಾದುದು ಪಟ್ಟಿ. ತನ್ನ ಯಂತ್ರಗಳಲ್ಲಿ ಯಾವ ಯಾವ ತಂತ್ರಾಂಶಗಳಿವೆ, ಅವು ಯಾವುದನ್ನು ಆಶ್ರಯಿಸಿವೆ, ಅವುಗಳಲ್ಲಿ ಒಬ್ಬರೇ ಪಾಲಕರಿರುವುದು ಯಾವುದು ಎಂದು ಬರೆಸಬೇಕು. ಪಟ್ಟಿಯು ತಯಾರಾದರೆ ಕೊಡಬೇಕಾದವರ ಹೆಸರು ಮುಕ್ಕಾಲುಪಾಲು ತಾನೇ ಗೊತ್ತಾಗುವುದು.

ಆಯವ್ಯಯದ ಪತ್ರದಲ್ಲಿ ಇದನ್ನು ಯಾವ ಶಿರೋನಾಮೆಯ ಕೆಳಗೆ ಬರೆಯಬೇಕೆಂಬುದು ಕ್ಷುಲ್ಲಕವಾಗಿ ತೋರಿದರೂ ಹಾಗಲ್ಲ. ‘ದಾನ’ವೆಂದು ಬರೆದರೆ ಕಷ್ಟದ ವರ್ಷದಲ್ಲಿ ಮೊದಲು ಹೊಡೆದುಹಾಕುವುದು ಅದನ್ನೇ. ಕಟ್ಟಡದ ಸುಣ್ಣಬಣ್ಣ, ಯಂತ್ರಗಳ ರಿಪೇರಿ ಇವುಗಳೊಡನೆ ‘ನಿರ್ವಹಣೆ’ಯ ಕೆಳಗೆ ಬರೆದರೆ ಅದು ಉಳಿಯುವುದು. ತಾಳೆಯೋಲೆಗಳನ್ನು ಛಾಯಾಪ್ರತಿಮಾಡಿಸಿ, ಗ್ರಂಥಗಳನ್ನು ಅಂತರ್ಜಾಲಕ್ಕೆ ಏರಿಸಿ, ಪದಕೋಶಗಳನ್ನು ಯಂತ್ರಕ್ಕೆ ಒಪ್ಪಿಸಿರುವ ಕನ್ನಡದ ವಿದ್ವತ್ಸಂಸ್ಥೆಗಳು ಯಂತ್ರಗಳಿಗೂ ಕಪಾಟುಗಳಿಗೂ ಮಾಡುವ ವೆಚ್ಚದಲ್ಲಿ ನೂರಕ್ಕೆ ಒಂದನ್ನು ಹೀಗೆ ಬೇರೆಯಿಟ್ಟರೂ, ಅಕ್ಷರಜೋಡಣೆಯ ಪಾಲಕನೊಬ್ಬನ ಕೆಲವು ತಿಂಗಳುಗಳ ವೃತ್ತಿಗೆ ಸಾಲಬಹುದು.

ಹಣವಿಲ್ಲದವರು ಕೊಡಬಹುದಾದುದೂ ಒಂದುಂಟು. ಅದು ತಿಳಿದವನ ಕಾಲ. ಹಳಗನ್ನಡದ ಪಾಠಗಳಲ್ಲಿ ಯಾವ ಸಂಯುಕ್ತಾಕ್ಷರವು ಎಲ್ಲಿ ಕೆಡುತ್ತದೆ, ಶಕಟರೇಫಕ್ಕೆ ಒತ್ತು ಬಂದಾಗ ಅದು ಹೇಗೆ ನಿಲ್ಲಬೇಕು ಎಂಬುದನ್ನು ದೂರದೇಶದ ಪಾಲಕನು ತಾನಾಗಿ ತಿಳಿಯಲಾರನು. ವೇತನ ಪಡೆಯುವ ಪಂಡಿತನೊಬ್ಬನನ್ನು ವಾರಕ್ಕೆ ಒಂದು ದಿನ ಈ ಪರೀಕ್ಷೆಗೆ ಬಿಟ್ಟುಕೊಡುವುದು ಸಂಸ್ಥೆಯ ಕಡೆಯಿಂದ ಧನಸಹಾಯವೇ ಸರಿ. ತಿಳಿದವನ ಕಣ್ಣು ಸಕಾಲದಲ್ಲಿ ಬೀಳದಿದ್ದುದರ ಗುರುತು ಯೂನಿಕೋಡಿನಲ್ಲಿಯೇ ಉಳಿದಿದೆ. ಕೇಶಿರಾಜನು ಎಷ್ಟೋ ಸೂತ್ರಗಳಲ್ಲಿ ವಿಚಾರಿಸಿದ ೞಕಾರವು ಅದರೊಳಗೆ ಸೇರುವಾಗ ಯಾರದೋ ತಪ್ಪಿನಿಂದ ‘ಕನ್ನಡದ ಫ಼ಕಾರ’ವೆಂಬ ಹೆಸರಿನಲ್ಲಿ ಸೇರಿಹೋಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಅಲ್ಲಿಯ ನಿಯಮ. ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಬರೆದಿದ್ದಾರೆ. ೦ಸಿಡಿಇ ಎಂಬ ಸಂಖ್ಯೆಯ ಎದುರಿಗೆ ತಪ್ಪು ಹೆಸರು ಇಂದಿಗೂ ಹಾಗೆಯೇ ಇದೆ.